ಮಳೆಕಾಡಿನ ಮನುಷ್ಯ, ಹೆಸರು ತಿಳಿಯದು

ಫೋಟೋ ತೆಗೆಯುವ ಮುನ್ನ ಮುರುಗಪ್ಪ ಮೂರು ಪ್ರಶ್ನೆ ಕೇಳುತ್ತಿದ್ದ: ಹೆಸರೇನು, ಯಾವ ಊರು, ಯಾರ ಮಗ. ಹೊಸದುರ್ಗದ ಬಸ್ ನಿಲ್ದಾಣದ ಎದುರಿನ ಸ್ಟುಡಿಯೋಗೆ ಬರುವ ಮದುವೆ ಜೋಡಿಗಳಿಗೂ ಅದೇ ಪ್ರಶ್ನೆ, ಬೆಂಗಳೂರಿನ ವಾರಪತ್ರಿಕೆಗಾಗಿ ಕ್ಯಾಮೆರಾ ಹಿಡಿದು ಊರೂರು ಸುತ್ತುವಾಗ ದಾರಿಯಲ್ಲಿ ಸಿಕ್ಕವರಿಗೂ ಅದೇ ಪ್ರಶ್ನೆ. ಹಿಂದೆ ದಾವಣಗೆರೆಯಲ್ಲಿ ಒಂದು ದಿನಪತ್ರಿಕೆಯಲ್ಲಿದ್ದಾಗ ಬಂದ ಅಭ್ಯಾಸ. ಹೆಸರಿಲ್ಲದ ಮುಖ ಅಚ್ಚಾದರೆ ಓದುವವರು ಅದಕ್ಕೆ ತಮಗೆ ಬೇಕಾದ ಹೆಸರಿಡುತ್ತಾರೆ ಎನ್ನುವುದು ಅಲ್ಲಿ ಅವನು ಕಂಡುಕೊಂಡ ಸಂಗತಿ.

1977ರ ಅಕ್ಟೋಬರಿನಲ್ಲಿ ಈ ಕ್ರಮ ಒಮ್ಮೆ ತಪ್ಪಿತು. ವಾರಪತ್ರಿಕೆಯವರು ಮಳೆಕಾಡಿನ ಜನರ ಮೇಲೆ ಚಿತ್ರಲೇಖನ ಕೇಳಿದ್ದರು. ಮುರುಗಪ್ಪ ಆಗುಂಬೆಯ ಸುತ್ತ ಕೆಲವು ದಿನ ತಿರುಗಿ, ಬೆತ್ತ ಹೆಣೆಯುವವರು, ಕಾಡಿನಲ್ಲಿ ರಾಮಪತ್ರೆ ಆರಿಸುವ ಹೆಂಗಸರು, ಚಹದಂಗಡಿಯ ಯಜಮಾನ, ಹೀಗೆ ಹಲವರ ಭಾವಚಿತ್ರ ತೆಗೆದಿದ್ದ. ಹೊರಡುವ ದಿನ ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ ದಟ್ಟ ಮಂಜು. ಒಂದು ದೊಡ್ಡ ಮರದ ಬುಡದಲ್ಲಿ ಗಂಡಸೊಬ್ಬ ನಿಂತಿದ್ದ. ತಲೆಯ ಮೇಲೆ ಕೊಪ್ಪೆಯಾಗಿ ಹೊದ್ದ ಕರಿಕಂಬಳಿ, ಕೊರಳಲ್ಲಿ ಒಣಗಿದ ಚರ್ಮದ ತುಂಡುಗಳನ್ನು ಪೋಣಿಸಿದ ಸರ. ಮಂಜು ಸ್ವಲ್ಪ ಸರಿದು ಬೆಳಕು ಅವನ ಮುಖಕ್ಕೆ ಬಂತು. ಅದು ನಿಲ್ಲುವ ಬೆಳಕಲ್ಲ. ಮುರುಗಪ್ಪ ಮೊದಲು ಕ್ಲಿಕ್ ಮಾಡಿ ಆಮೇಲೆ ಕೇಳಿದ.

“ನಿಮ್ಮ ಹೆಸರೇನು? ಯಾವ ಊರು, ಯಾರ ಮಗ? ನಾನು ಹೊಸದುರ್ಗದವನು, ಪತ್ರಿಕೆಗೆ ಫೋಟೋ ತೆಗೀತೀನಿ.”

ಆ ಮನುಷ್ಯ ಅವನನ್ನು ಒಮ್ಮೆ ದಿಟ್ಟಿಸಿ ನೋಡಿದ. ಏನೂ ಹೇಳದೆ ತಿರುಗಿ ಕಾಡಿನೊಳಕ್ಕೆ ನಡೆದುಬಿಟ್ಟ. ಮುರುಗಪ್ಪ ಚಿತ್ರದ ಹಿಂದೆ ಬರೆದು ಕಳಿಸಿದ್ದು ಇಷ್ಟೇ: ‘ಮಳೆಕಾಡಿನ ಮನುಷ್ಯ, ಹೆಸರು ತಿಳಿಯದು.’

ಜನವರಿಯ ಮೊದಲ ಸಂಚಿಕೆಯಲ್ಲಿ ಅದೇ ಮುಖಪುಟವಾಯಿತು. ಅಡಿಬರಹಕ್ಕೆ ಪತ್ರಿಕೆಯ ಕಚೇರಿಯಲ್ಲಿ ಯಾರೋ ಒಂದು ಸಾಲು ಸೇರಿಸಿದ್ದರು: ‘ಕೊರಳಲ್ಲಿ ಬೇಟೆಯ ಚರ್ಮದ ಮಾಲೆ, ಇದು ಇವರ ಆಭರಣ.’ ಇದನ್ನು ನಿಮಗೆ ಹೇಳಿದವರು ಯಾರು ಎಂದು ಕೇಳಿ ಮುರುಗಪ್ಪ ಒಂದು ಕಾರ್ಡು ಹಾಕಿದ. ಅದಕ್ಕೆ ಉತ್ತರ ಬರಲಿಲ್ಲ. ಯುಗಾದಿ ವಿಶೇಷಾಂಕಕ್ಕೆ ಅದೇ ಮನುಷ್ಯನ ಇನ್ನಷ್ಟು ಚಿತ್ರ ಬೇಕು, ಮಾಲೆ ಚೆನ್ನಾಗಿ ಕಾಣಬೇಕು ಎಂಬ ಕೋರಿಕೆ ಬಂತು.

ಫೆಬ್ರವರಿಯ ಒಂದು ಮಧ್ಯಾಹ್ನ, ಸಂತೆಯ ಗದ್ದಲದ ನಡುವೆ, ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಆ ಮುಖಪುಟವಿತ್ತು. ಅದರ ಹಿಂಬದಿಗೆ ಅಂಟಿದ ಮೈದಾ ಗೋಂದಿನೊಂದಿಗೆ ಗೋಡೆಯ ಸುಣ್ಣವೂ ಕಿತ್ತು ಬಂದಿತ್ತು.

“ಈ ಫೋಟೋ ತೆಗೆದೋರು ಯಾರು?”

“ನಾನೇ. ಬರ್ರಿ, ಕುಂತ್ಕಳ್ರಿ.”

“ಕುಂತ್ಕಳಾಕೆ ಟೈಮಿಲ್ಲ. ಇದ್ನ ಹೋಟ್ಲು ಗೋಡೆಯಿಂದ ಕಿತ್ಕಂಡು ಬಂದೀನಿ. ಹೋಟ್ಲೋನು ಬೈಕಂತಾ ಹಿಂದ್ಲೇ ಬರ್ತಾವ್ನೆ. ಅವ್ನು ಬರೋದ್ರೊಳಗೆ ಹೇಳ್ರಿ, ಎಲ್ಲಿ ತೆಗೆದ್ರಿ ಇದ್ನ?”

“ಆಗುಂಬೆ ಕಾಡಿನಾಗೆ. ಯಾಕಮ್ಮ?”

“ಇವ್ನು ನನ್ನ ತಮ್ಮ ಪಾಪಣ್ಣ. ನಾನು ಈರಕ್ಕ. ಮಾಡದಕೆರೆ ಹತ್ರ ಕಗ್ಗಲಹಟ್ಟಿ ನಮ್ದು.”

ಮುರುಗಪ್ಪ ಮುಖಪುಟವನ್ನು ಕೈಗೆ ತೆಗೆದುಕೊಂಡ. “ಮುಖ ಹೋಲೋರು ಎಷ್ಟೋ ಜನ ಇರ್ತಾರೆ. ಕಂಬಳಿ ಬ್ಯಾರೆ ಅರ್ಧ ಮುಚ್ಚೈತೆ.”

“ಮುಖ ಬಿಡ್ರಿ. ಕೊರಳು ನೋಡ್ರಿ. ಕೆಳಗೆ ಏನಂತ ಬರ್ದವ್ರೆ?”

ಅವನು ಓದಿ ಹೇಳಿದ. ಈರಕ್ಕ ನಕ್ಕಳು. “ಆಭರಣವಂತೆ! ಹಂಗಾರೆ ಅದ್ನ ಬರೆದೋರ ಮನೆ ಹೆಂಗಸ್ರಿಗೂ ಒಂದು ಮಾಡಿಸಿ ಹಾಕ್ಲಿ. ಇವು ಕುರಿ ಕಿವಿ ಕಣ್ರಿ.”

ಕಗ್ಗಲಹಟ್ಟಿಯ ಪದ್ಧತಿ ಹೀಗಿತ್ತು. ಪ್ರತಿ ಮನೆಯವರೂ ತಮ್ಮ ಕುರಿಯ ಕಿವಿಗೆ ತಮ್ಮದೇ ಗುರುತಿನ ಕಚ್ಚು ಹಾಕುತ್ತಿದ್ದರು. ಹಲವು ಮನೆಯ ಕುರಿಗಳನ್ನು ಒಬ್ಬನೇ ದೂರದ ಮೇವಿಗೆ ಹೊಡೆದುಕೊಂಡು ಹೋದಾಗ ದಾರಿಯಲ್ಲಿ ಒಂದು ಸತ್ತರೆ, ಗುರುತಿದ್ದ ಕಿವಿಯನ್ನು ಕೊಯ್ದು, ಉಪ್ಪು ಸವರಿ, ಒಣಗಿಸಿ ತಂದು ಮಾಲೀಕನ ಕೈಗೆ ಕೊಡಬೇಕು. ಕಿವಿ ಬಂದರೆ ಕುರಿ ಸತ್ತಿದೆ ಎಂದರ್ಥ. ಬರದಿದ್ದರೆ ಮಾರಿದ್ದಾನೆ ಎಂದರ್ಥ. ಮಂದೆಗೆ ಮಂದೆಯೇ ಸತ್ತರೆ ಕಿವಿಗಳನ್ನು ಚೀಲದಲ್ಲಿ ಮುಚ್ಚಿಟ್ಟು ತರುವಂತಿಲ್ಲ. ಯಾರೂ ಬಾಯಿಬಿಟ್ಟು ಕೇಳುವ ಮೊದಲೇ ಕಾಣುವಂತೆ ಕೊರಳಿಗೆ ಹಾಕಿಕೊಂಡು ಹಟ್ಟಿಗೆ ನಡೆದು ಬರಬೇಕು.

“ಬ್ಯಾರೆ ದಿನ ಇದ್ನ ಕೊರಳಿಗೆ ಹಾಕ್ಕಳಂಗಿಲ್ಲ,” ಎಂದಳು ಈರಕ್ಕ. “ಊರಿಗೆ ಹೊರಟ ದಿನ ಮಾತ್ರ. ಅಂದ್ರೆ ನೀವು ಫೋಟೋ ತೆಗೆದಾಗ ನನ್ನ ತಮ್ಮ ಮನೆಗೆ ಹೊರಟಿದ್ದ. ಮತ್ತೆ ಯಾಕೆ ಬರ್ಲಿಲ್ಲ ಅವ್ನು?”

ಮುರುಗಪ್ಪನಿಗೆ ಆ ತಿರುವಿನ ಬೆಳಿಗ್ಗೆ ನೆನಪಾಯಿತು. “ಕ್ಲಿಕ್ ಮಾಡಿದ ಮೇಲೆ ನಾನು ಹೊಸದುರ್ಗದವನು ಅಂದೆ. ಯಾರ ಮಗ ಅಂತ ಕೇಳಿದೆ. ಅಷ್ಟಕ್ಕೇ ತಿರುಗಿ ಕಾಡಿನೊಳಕ್ಕೆ ಹೋದ.”

ಈಗ ಈರಕ್ಕ ಕುಳಿತಳು.

ಅವಳು ಹೇಳಿದ್ದರಲ್ಲಿ ಮುರುಗಪ್ಪ ಅಲ್ಲಲ್ಲಿ ತಡೆದು ಕೇಳಿ ಖಚಿತ ಮಾಡಿಕೊಂಡದ್ದು ಇಷ್ಟು. 1972ರಲ್ಲಿ ಇಲ್ಲಿ ಮಳೆ ಕೈಕೊಟ್ಟಿತು. ಪಾಪಣ್ಣ ಹಟ್ಟಿಯ ಕುರಿಗಳನ್ನು ಹೊಡೆದುಕೊಂಡು ಪಡುವಣಕ್ಕೆ, ಕೊಯ್ಲಾದ ಗದ್ದೆಗಳ ಕಡೆಗೆ ಹೋದ. ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲು ಮಂದೆ ಹಿಂತಿರುಗಬೇಕು. ಅವನು ತಿರುಗಲಿಲ್ಲ. ಮಾರನೆಯ ವರ್ಷ ಯಾರೋ ಅವನನ್ನು ಶಿವಮೊಗ್ಗದಲ್ಲಿ ಬರಿಗೈಯಲ್ಲಿ ಕಂಡೆವೆಂದರು. ಕುರಿ ಮಾರಿಕೊಂಡು ಓಡಿಹೋದ ಎಂದು ಹಟ್ಟಿ ತೀರ್ಮಾನಿಸಿತು. ಮಂದೆಯಲ್ಲಿ ಹೆಚ್ಚಿನ ಪಾಲು ಓಬಯ್ಯನದು. ಅವನು ಹಟ್ಟಿಯ ಹಿರಿಯ, ಈರಕ್ಕನಿಗೆ ದೊಡ್ಡಪ್ಪನಾಗಬೇಕು. ಈಗ ಅವಳ ಮಗಳು ಪುಟ್ಟಕ್ಕನಿಗೆ ಯುಗಾದಿ ಕಳೆದ ಮೇಲೆ ಮದುವೆ. ಮದುಮಗಳನ್ನು ಕೈಹಿಡಿದು ಹಸೆಗೆ ಕರೆತರಬೇಕಾದವನು ಸೋದರಮಾವ.

“ಕುರಿ ಮಾರ್ಕಂಡೋನು ಹಸೆ ಮುಟ್ಟಿದ್ರೆ ಹಟ್ಟಿಯೋರು ಯಾರೂ ಊಟಕ್ಕೆ ಕೂರಲ್ಲ ಅಂದವ್ನೆ ದೊಡ್ಡಪ್ಪ. ಬ್ಯಾರೆ ಯಾರ್ನಾದ್ರೂ ನಿಲ್ಸು ಅಂತಾನೆ. ನನ್ನ ತಮ್ಮ ಸತ್ತಿದ್ರೆ ಆ ಮಾತು ಬ್ಯಾರೆ. ಬದುಕಿರೋವಾಗ ಬಾಡಿಗೆ ಸೋದರಮಾವ ಯಾತಕ್ಕೆ?” ಅವಳು ಮುಖಪುಟದ ಮೇಲೆ ಬೆರಳಿಟ್ಟಳು. “ಇದ್ರಾಗೆ ಕಿವಿ ಕಚ್ಚು ಕಾಣಂಗೆ ದೊಡ್ಡದು ಮಾಡ್ಕೊಡ್ರಿ. ಆಗ್ತೈತಾ?”

“ಆಗ್ತೈತೆ,” ಎಂದ ಮುರುಗಪ್ಪ. ನೆಗೆಟಿವ್ ದೊಡ್ಡದು, ಫೋಕಸ್ ಕೊರಳಿನವರೆಗೂ ಸರಿಯಾಗಿತ್ತು. ಆ ವಿಷಯದಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಅಷ್ಟರಲ್ಲಿ ಹೋಟೆಲಿನವನು ಬಂದು ಬಾಗಿಲಲ್ಲಿ ನಿಂತ. “ಏನಮ್ಮ, ಗೋಡೆ ಸುಣ್ಣ ಸಮೇತ ಕಿತ್ಕಂಡು ಬಂದೀಯಲ್ಲ!”

“ನಿನ್ನ ಗೋಡೆಗೆ ಒಳ್ಳೇ ಫೋಟೋ ಕೊಡಿಸ್ತೀನಿ ಹೋಗಣ್ಣ. ಇದು ನಮ್ಮನೆ ಹುಡುಗಂದು,” ಎಂದಳು ಈರಕ್ಕ.

ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡಾಗ ಅವಳು ಕೆಂಪು ದೀಪವನ್ನು ಅಪನಂಬಿಕೆಯಿಂದ ನೋಡಿದಳು. “ಇದೇನ್ರಿ, ದೀಪ ಹಚ್ಚೀರೋ ಆರಿಸೀರೋ?” ಮುರುಗಪ್ಪ ಎನ್‌ಲಾರ್ಜರನ್ನು ಮೇಲಕ್ಕೇರಿಸಿ, ಮುಖವನ್ನು ಪೂರ್ತಿ ಹೊರಗೆ ಬಿಟ್ಟು, ಕೊರಳನ್ನಷ್ಟೇ ಕಾಗದದ ಮೇಲೆ ಬೀಳಿಸಿದ. ಭಾವಚಿತ್ರವೊಂದರಲ್ಲಿ ಮುಖ ಬಿಟ್ಟು ಉಳಿದದ್ದನ್ನು ಪ್ರಿಂಟ್ ಮಾಡಿದ್ದು ಅವನ ಕಸುಬಿನಲ್ಲಿ ಅದೇ ಮೊದಲು. ಕಾಗದ ಡೆವಲಪರಿನ ತಟ್ಟೆಯಲ್ಲಿ ಅಲ್ಲಾಡಿತು. ಮೊದಲು ಕಂಬಳಿಯ ಕಪ್ಪು ಮೂಡಿತು, ಆಮೇಲೆ ಒಂದೊಂದಾಗಿ ಆ ತುಂಡುಗಳ ಅಂಚು.

ಈರಕ್ಕ ತಟ್ಟೆಯ ಮೇಲೆ ಬಾಗಿದಳು. “ನೋಡ್ರಿ, ತುದಿ ಸೀಳೈತಲ್ಲ, ಇದು ನಮ್ಮನೇದು. ಇದೂ ನಮ್ದೇ. ಇದು ನೋಡ್ರಿ, ಕೆಳಗಡೆ ಅರ್ಧಚಂದ್ರದಂಗೆ ಕಚ್ಚು. ಇದು ದೊಡ್ಡಪ್ಪಂದು.” ಅವಳ ದನಿ ಅಷ್ಟು ಹೊತ್ತಿನಲ್ಲಿ ಮೊದಲ ಬಾರಿ ತಗ್ಗಿತು. “ಎಲ್ಲಾ ಇಟ್ಕಂಡವ್ನೆ ಕಣ್ರಿ. ಒಂದೂ ಬಿಸಾಕಿಲ್ಲ.”

ಮಾರನೆಯ ದಿನ ಇಬ್ಬರೂ ಮಾಡದಕೆರೆಯ ಬಸ್ಸಿಳಿದು ಕಗ್ಗಲಹಟ್ಟಿಗೆ ನಡೆದರು. ಓಬಯ್ಯ ಕುರಿ ರೊಪ್ಪದ ಬೇಲಿಗೆ ಹೊಸ ಮುಳ್ಳು ಹೊಂದಿಸುತ್ತಿದ್ದ. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಅವನು ಫೋಟೋವನ್ನು ಬಿಸಿಲಿಗೆ ಹಿಡಿದು ನೋಡಿದ, ಓರೆ ಮಾಡಿ ನೋಡಿದ, ಕೈಯಲ್ಲಿ ಹಿಡಿದ ಮಚ್ಚನ್ನು ಕೆಳಗಿಟ್ಟು ಮತ್ತೆ ನೋಡಿದ.

“ಕಚ್ಚು ನಂದೇ,” ಎಂದ.

“ಅದ್ನೇ ಹೇಳಾಕೆ ಬಂದಿದ್ದು ದೊಡ್ಡಪ್ಪ,” ಎಂದಳು ಈರಕ್ಕ.

“ತಡಿ, ತಡಿ. ಕಚ್ಚು ನಂದೇ ಅಂದೆ. ಕುರಿ ಸತ್ವು ಅಂದ್ನಾ? ಕುರಿ ಮಾರೋವಾಗ ಕಿವಿ ಕೊಯ್ಕಂಡು ಮಾರಾಕೆ ಬರಲ್ವಾ? ಕಟುಕಂಗೆ ಕಿವಿ ತಗಂಡು ಏನಾಗ್ಬೇಕು?”

ಈರಕ್ಕ ಬಾಯಿ ತೆರೆದಳು. ಮುರುಗಪ್ಪ ಕೈಯೆತ್ತಿ ತಡೆದ. ಪ್ರಶ್ನೆ ನ್ಯಾಯವಾದದ್ದು. ಪತ್ರಿಕೆಯ ಕಚೇರಿಯಲ್ಲಿ ಯಾರಾದರೂ ಇಂಥದೊಂದು ಪ್ರಶ್ನೆ ಕೇಳಿದ್ದರೆ ಆ ಅಡಿಬರಹ ಅಚ್ಚಾಗುತ್ತಿರಲಿಲ್ಲ.

“ಏನು ತೋರಿಸಿದ್ರೆ ಒಪ್ತೀರಿ ಯಜಮಾನ್ರೆ?” ಎಂದು ಕೇಳಿದ.

“ಫೋಟೋ ಬ್ಯಾಡ. ಅವ್ನೇ ಬರ್ಲಿ. ಕಂಬಳಿ ಹಾಸ್ತೀನಿ. ಅದ್ರ ಮೇಲೆ ಕಿವಿ ಇಡ್ಲಿ. ಮೊದ್ಲು ನನ್ನ ಕರಿಮೂತಿ ಟಗರಿನ ಕಿವಿ ಇಡ್ಲಿ. ಮಂದೆ ಮುಂದೆ ನಡೆಯೋ ಟಗರು ಅದು, ಎರಡು ಕಿವಿಗೂ ಕಚ್ಚು ಹಾಕಿದ್ದೆ. ಆಮೇಲೆ ನಾನು ಕೇಳೋದು ಕೇಳ್ತೀನಿ.” ಮಚ್ಚನ್ನು ಮತ್ತೆ ಎತ್ತಿಕೊಂಡ. “ಬರಾಕೆ ಧೈರ್ಯ ಇದ್ರೆ.”

ಹಾಸಿದ ಕರಿಕಂಬಳಿಯ ಮುಂದೆ ಆ ಹಟ್ಟಿಯಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅಲ್ಲಿ ಆದ ತೀರ್ಮಾನವನ್ನು ಆಮೇಲೆ ಯಾರೂ ಎತ್ತಿ ಆಡುತ್ತಿರಲಿಲ್ಲ. ಈರಕ್ಕನಿಗೆ ಬೇಕಾಗಿದ್ದದ್ದೂ ಅಂಥದೇ ಒಂದು ತೀರ್ಮಾನ.

ಹೊಳಲ್ಕೆರೆಗೆ ಹೋಗಿ, ಅಲ್ಲಿಂದ ಶಿವಮೊಗ್ಗದ ಬಸ್ಸು ಹಿಡಿದರು. ಹೊಳಲ್ಕೆರೆ ದಾಟಿ ಈರಕ್ಕ ಹಿಂದೆಂದೂ ಹೋದವಳಲ್ಲ. ತೀರ್ಥಹಳ್ಳಿಯ ಆಚೆ ರಸ್ತೆಯ ಎರಡೂ ಕಡೆಯ ಮರಗಳು ಮೇಲೆ ಕೂಡಿಕೊಂಡವು. ಅವಳು ಕಿಟಕಿಗೆ ಮುಖವಿಟ್ಟು ಬಹಳ ಹೊತ್ತು ಕೂತಿದ್ದಳು.

“ಏನಮ್ಮ, ಹೆಂಗೈತೆ ಕಾಡು?” ಎಂದ ಮುರುಗಪ್ಪ.

“ನೆಲಕ್ಕೆ ಬಿಸಿಲೇ ಬೀಳಲ್ವಲ್ರಿ ಇಲ್ಲಿ. ಕುರಿ ಗೊರಸು ಎಲ್ಲಿ ಒಣಗ್ಬೇಕು? ಈ ಹುಚ್ಚ ಇದ್ರೊಳಕ್ಕೆ ಮಂದೆ ಹೊಡ್ಕಂಡು ಬಂದಿದ್ನಾ?”

ಆಗುಂಬೆಗೆ ಸ್ವಲ್ಪ ಮೊದಲೇ, ಆ ತಿರುವಿನ ಹತ್ತಿರದ ಚಹದಂಗಡಿಯ ಮುಂದೆ ಇಳಿದರು. ತಾನು ಚಿತ್ರ ತೆಗೆದವರಿಗೆಲ್ಲ ಒಂದೊಂದು ಪ್ರತಿ ತಲುಪಿಸುವುದು ಮುರುಗಪ್ಪನ ಪ್ರವಾಸದ ಇನ್ನೊಂದು ನಿಯಮ. ಚೀಲದಿಂದ ಲಕೋಟೆಗಳನ್ನು ತೆಗೆದು ಹಂಚಿದ. ಬೆತ್ತದವನ ಹೆಂಡತಿ ಗಂಡನ ಚಿತ್ರ ನೋಡಿ, “ಅಬ್ಬಾ, ಕೆಲಸ ಮಾಡುವವರ ಹಾಗೇ ಕಾಣ್ತಾರೆ!” ಎಂದಳು. ರಾಮಪತ್ರೆ ಆರಿಸುವ ಮುದುಕಿ ತನ್ನ ಚಿತ್ರವನ್ನು ಯಾರಿಗೂ ತೋರಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಹದಂಗಡಿಯ ಯಜಮಾನ ತನ್ನದನ್ನು ದೂರ ಹಿಡಿದು ನೋಡಿದ.

“ನನ್ನ ಮೂಗು ಇಷ್ಟು ದೊಡ್ಡದಾ ಮಾರಾಯ್ರೆ?”

“ಕ್ಯಾಮೆರಾ ದೊಡ್ಡದು ಮಾಡಲ್ಲ ಸ್ವಾಮಿ, ಇದ್ದದ್ದನ್ನೇ ತೋರಿಸ್ತದೆ.”

“ಅದು ಸರಿ. ಆದ್ರೆ ನಿಮ್ಮ ಪತ್ರಿಕೆಯವರು ಎಂತ ಮಾಡಿದ್ದು? ಮುಖಪುಟದಲ್ಲಿ ನಮ್ಮನ್ನೆಲ್ಲ ಚರ್ಮದ ಮಾಲೆ ಹಾಕಿಕೊಂಡು ತಿರುಗುವವರನ್ನಾಗಿ ಮಾಡಿಬಿಟ್ಟಿದ್ದಾರೆ. ಶಿವಮೊಗ್ಗದಿಂದ ನಮ್ಮ ಭಾವ ಬಂದವ, ನಿನ್ನ ಮಾಲೆ ಎಲ್ಲಿ ಅಂತ ಕೇಳ್ತಾನೆ. ಆ ಫೋಟೋದವ ನಮ್ಮ ಕಡೆಯವನೇ ಅಲ್ಲ. ಬಯಲುಸೀಮೆಯಿಂದ ಬಂದ ಕಂಬಳಿ ಪಾಪಣ್ಣ ಅಲ್ದಾ?”

ಈರಕ್ಕ ಕೈಯಲ್ಲಿದ್ದ ಚಹದ ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತಳು. “ಎಲ್ಲವ್ನೆ?”

ಕಾಡಿನಂಚಿನ ಒಂದು ಮನೆಯಲ್ಲಿ ಪಾಪಣ್ಣ ದನ ನೋಡಿಕೊಂಡಿದ್ದ. ಕೊಟ್ಟಿಗೆಯಿಂದ ಸಗಣಿ ಬುಟ್ಟಿ ಹೊತ್ತು ಹೊರಬಂದವನು ಅಂಗಳದಲ್ಲಿ ಅಕ್ಕನನ್ನು ಕಂಡು, ಬುಟ್ಟಿ ಇಳಿಸುವುದನ್ನೂ ಮರೆತು ನಿಂತ.

“ಇಳಿಸೋ ಅದ್ನ,” ಎಂದಳು ಈರಕ್ಕ. “ಕುರಿ ಕಾಯೋ ಕುಲದಾಗೆ ಹುಟ್ಟಿ ಸಗಣಿ ಹೊರ್ತೀಯಾ?”

“ಅಕ್ಕಾ...”

“ಅಕ್ಕ ಅನ್ಬ್ಯಾಡ. ಹೊರಟೋನು ಯಾಕಲೇ ತಿರುಗಿ ಹೋದೆ? ಕಿವಿ ಕೊರಳಿಗೆ ಹಾಕ್ಕಂಡು ರಸ್ತೆವರ್ಗೂ ಬಂದಿದ್ದೆ. ಇಡೀ ಹೊಸದುರ್ಗ ನೋಡೈತೆ. ಹೋಟ್ಲು ಗೋಡೆ ಮೇಲೆ ಅಂಟಿಸಿದ್ರು ನಿನ್ನ.”

ಮನೆಯೊಡತಿ ಮಜ್ಜಿಗೆ ತಂದಿಟ್ಟು ಒಳಗೆ ಹೋದಳು. ಪಾಪಣ್ಣ ಜಗಲಿಯ ಅಂಚಿನಲ್ಲಿ ಕುಳಿತು ಮೆಲ್ಲಗೆ ಹೇಳಿದ. ಊರಿನಲ್ಲಿ ಮಳೆಯಿಲ್ಲ, ಹಿಂತಿರುಗಿದರೆ ಮೇವಿಲ್ಲ ಎಂದು ಆ ವರ್ಷ ಇಲ್ಲೇ ಉಳಿದ. ಮುಂದೆ ಹುಲ್ಲು ಕಂಡಲ್ಲೆಲ್ಲ ಮಂದೆ ಹೊಡೆದುಕೊಂಡು ಕಾಡಿನ ಬಾಯಿಗೇ ಬಂದುಬಿಟ್ಟ. ಮಳೆ ಹಿಡಿದದ್ದು ಬಿಡಲಿಲ್ಲ. ಗೊರಸು ಕೊಳೆತವು, ಇಂಬಳವೆಂಬ ಜಿಗಣೆ ಕಚ್ಚಿ ರಕ್ತ ಬತ್ತಿತು, ಕುರಿಗಳು ನಿಂತಲ್ಲೇ ಬಿದ್ದವು. ಪ್ರತಿಯೊಂದರ ಕಿವಿ ಕೊಯ್ದು ಉಪ್ಪು ಸವರಿ ಈ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿದ. ಆ ಹೊಗೆಯಿಂದಲೇ ಅವು ಕೆಡದೆ ಉಳಿದವು. ಅಷ್ಟರಲ್ಲಿ ಅವನಿಗೇ ಜ್ವರ. ಎದ್ದು ಶಿವಮೊಗ್ಗದವರೆಗೆ ಹೋದಾಗ ತನ್ನ ಸೀಮೆಯ ಕುರಿಗಾಹಿಗಳು ಸಿಕ್ಕು, ನೀನು ಮಂದೆ ಮಾರಿದೆಯಂತೆ ಎಂದರು.

“ಹೋದ ದಸರೆಗೆ ಗಟ್ಟಿ ಮನಸ್ಸು ಮಾಡಿ ಹೊರಟೆ. ಇವ್ರು ಹೊಸದುರ್ಗ ಅಂದ್ರು, ಯಾರ ಮಗ ಅಂತ ಕೇಳಿದ್ರು. ಅಪ್ಪನ ಹೆಸರು ಬಾಯಿಗೆ ಬರ್ಲಿಲ್ಲ ಅಕ್ಕ. ಆ ಹೆಸರು ಕೇಳಿ, ಓ ಆ ಕಳ್ಳನಾ ಅಂದ್ಬಿಟ್ರೆ?”

“ಕಳ್ಳ ಅಲ್ಲ ಅಂತ ತೋರ್ಸಾಕೆ ಕಿವಿ ಅವೆಯಲ್ಲ!”

ಪಾಪಣ್ಣ ತಲೆ ಅಲ್ಲಾಡಿಸಿದ. “ಕರಿಮೂತಿ ಟಗರಿಂದು ಇಲ್ಲ. ಹಳ್ಳ ದಾಟಿಸೋವಾಗ ಮುಂದೆ ಅದೇ ಇಳೀತು, ಕೊಚ್ಕಂಡು ಹೋಯ್ತು. ಹಳ್ಳದ ಗುಂಟ ಹುಡುಕಿದೆ. ಸಿಕ್ಲಿಲ್ಲ. ದೊಡ್ಡಪ್ಪ ಮೊದ್ಲು ಕೇಳೋದೇ ಅದು.”

ಓಬಯ್ಯ ಮೊದಲು ಕೇಳುವುದು ಅದನ್ನೇ ಎಂದು ಈರಕ್ಕನಿಗೂ ಗೊತ್ತಿತ್ತು, ಮುರುಗಪ್ಪನಿಗೂ ಗೊತ್ತಿತ್ತು.

ಮುರುಗಪ್ಪ ಕ್ಯಾಮೆರಾ ತೆಗೆದ. ಈ ಸಲ ಕ್ರಮ ತಪ್ಪಿಸುವುದು ಅವನಿಗೆ ಬೇಕಿರಲಿಲ್ಲ. “ಹೆಸರು, ಊರು, ಯಾರ ಮಗ,” ಎಂದ.

“ಹಟ್ಟಿ ಒಪ್ಪಿದ ಮೇಲೆ ಕೇಳ್ರಿ,” ಎಂದ ಪಾಪಣ್ಣ.

ಮುರುಗಪ್ಪ ಕ್ಯಾಮೆರಾವನ್ನು ಹಾಗೇ ಚೀಲದೊಳಗಿಟ್ಟ.

ಮನೆಯೊಡತಿ ಅಟ್ಟದಿಂದ ಸರ ಇಳಿಸಿ ಕೊಟ್ಟಳು. ಪಾಪಣ್ಣ ಅದನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಬಸ್ಸಿಗೆ ಬಂದನೇನೋ ನಿಜ, ಆದರೆ ಪ್ರತಿ ಊರಿನಲ್ಲೂ ಇಳಿದು ಓಡಿಬಿಡುವವನಂತೆ ಬಾಗಿಲ ಕಡೆಗೇ ನೋಡುತ್ತ ಕೂತಿದ್ದ. ಶಿವಮೊಗ್ಗದಲ್ಲಿ ಮುಂದಿನ ಬಸ್ಸಿಗೆ ಕಾಯುವಾಗ ಈರಕ್ಕ ಇದ್ದಕ್ಕಿದ್ದಂತೆ ಎದ್ದಳು. ರಸ್ತೆಯಾಚೆ ಸಾಲಾಗಿ ಮಾಂಸದಂಗಡಿಗಳಿದ್ದವು.

“ಒಂದು ಟಗರಿನ ಕಿವಿ ತರ್ತೀನಿ,” ಎಂದಳು ತಮ್ಮನಿಗೆ. “ಕಚ್ಚು ನಾನೇ ಹಾಕ್ತೀನಿ, ದೊಡ್ಡಪ್ಪನ ಕಚ್ಚು ನನಗೆ ಗೊತ್ತಿಲ್ವಾ? ಉಪ್ಪು ಹಚ್ಚಿ ಹೊಗೆ ಕೊಟ್ರೆ ಯಾರಿಗೆ ತಿಳೀತೈತೆ?”

“ಕುಂತ್ಕ ಅಕ್ಕ.”

“ನನ್ನ ಮಗಳ ಮದುವೆ ಕಣೋ.”

“ಅದು ನಾನೂ ಮಾಡ್ಬೋದಿತ್ತು. ಈ ಅಂಗಡಿಗಳ ಮುಂದೆ ನಿಂತು ನಿಂತು ಹೋಗೀನಿ. ಮಾಡಿದ್ರೆ ಅವತ್ತೇ ಮನೆಗೆ ಬರ್ತಿದ್ದೆ, ಇಷ್ಟು ವರ್ಷ ಯಾಕೆ ಸಗಣಿ ಹೊರ್ತಿದ್ದೆ?” ಪಾಪಣ್ಣನ ದನಿ ಗಟ್ಟಿಯಾಗಿತ್ತು. “ಕಂಬಳಿ ಮೇಲೆ ಸುಳ್ಳು ಕಿವಿ ಇಟ್ಟು ಪುಟ್ಟಕ್ಕನ ಕೈ ಹಿಡೀಲಾ?”

ಈರಕ್ಕ ಮುರುಗಪ್ಪನ ಕಡೆ ನೋಡಿದಳು. ಅವನು ಪಕ್ಕಕ್ಕೆ ಸರಿದು ಅವಳಿಗೆ ಕೂರಲು ಜಾಗ ಬಿಟ್ಟ. ಅವಳು ಸೆರಗು ಕೊಡವಿ ಮತ್ತೆ ಕುಳಿತಳು.

ಮಾಡದಕೆರೆಯಲ್ಲಿ ಇಳಿದ ಮೇಲೆ ಪಾಪಣ್ಣ ಬಟ್ಟೆ ಬಿಚ್ಚಿ ಸರವನ್ನು ಕೊರಳಿಗೆ ಹಾಕಿಕೊಂಡ. ಕಂಬಳಿಯನ್ನು ಹೆಗಲಿಗೆ ಹೊದ್ದ. ಹೊಲಗಳಲ್ಲಿದ್ದವರು ನೋಡಿ ಕೆಲಸ ನಿಲ್ಲಿಸಿದರು. ಯಾರೂ ಏನೂ ಕೇಳಲಿಲ್ಲ, ಆ ಸರ ಕೊರಳಲ್ಲಿದ್ದವನನ್ನು ದಾರಿಯಲ್ಲಿ ಮಾತಾಡಿಸುವ ಪದ್ಧತಿಯಿಲ್ಲ. ಅವರು ಹಟ್ಟಿ ಸೇರುವ ಹೊತ್ತಿಗೆ ಹಿಂದೆ ದೊಡ್ಡ ಗುಂಪೇ ಇತ್ತು.

ಓಬಯ್ಯ ರೊಪ್ಪದ ಮುಂದೆ ಕರಿಕಂಬಳಿಯನ್ನು ಮಡಿಸಿ ಹಾಸಿದ. ಭಂಡಾರದ ಅರಿಸಿನ ಹಾಕಿ ಕೈಮುಗಿದ. ಪಾಪಣ್ಣ ಸರದ ದಾರ ಕಡಿದು ಕಿವಿಗಳನ್ನು ಮನೆಮನೆಗೆ ಬೇರೆ ಮಾಡಿ ಇಟ್ಟ. ತುದಿ ಸೀಳಿದವು ಅಕ್ಕನ ಮನೆಯವು. ಅಡ್ಡ ಗೀರಿದವು ಇನ್ನೊಂದು ಮನೆಯವು. ಅರ್ಧಚಂದ್ರದ ಕಚ್ಚಿನವೇ ಹೆಚ್ಚು. ಹೊಗೆಯಲ್ಲಿ ಕಪ್ಪಾಗಿ ಗಟ್ಟಿಯಾಗಿದ್ದ ಅವನ್ನು ಓಬಯ್ಯ ಒಂದೊಂದಾಗಿ ಎತ್ತಿ, ಹೆಬ್ಬೆರಳಿನಿಂದ ಅಂಚು ಸವರಿ ಕೆಳಗಿಟ್ಟ. ಕೊನೆಯದನ್ನೂ ಇಟ್ಟು ತಲೆಯೆತ್ತಿದ.

“ಕರಿಮೂತಿದು?”

“ಇಲ್ಲ ದೊಡ್ಡಪ್ಪ. ಹಳ್ಳದಾಗೆ ಕೊಚ್ಕಂಡು ಹೋಯ್ತು. ಹುಡುಕಿದೆ, ಸಿಕ್ಕಲಿಲ್ಲ.”

ಗುಂಪಿನಲ್ಲಿ ಯಾರೋ ನಕ್ಕರು. “ಟಗರಿಗೆ ಒಳ್ಳೇ ಗಿರಾಕಿ ಸಿಕ್ಕಿರ್ಬೇಕು ಬಿಡ್ರಪ್ಪ!”

ಈರಕ್ಕ ಆ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ಓಬಯ್ಯ ಮಾತಾಡಿದ.

“ಯಾರಲೇ ನಕ್ಕೋನು, ಮುಂದೆ ಬಾ. ನೀನು ನನ್ನ ಮಂದೆ ಮಾರ್ಕಂಡು, ಕಿವಿ ಮಾತ್ರ ಕೊಯ್ದಿಟ್ಕಂಡು ಬಂದೀಯ ಅಂತ ಇಟ್ಕ. ಲೆಕ್ಕ ಸರಿ ಮಾಡ್ಕಂಡು ಬರ್ತಿದ್ಯೋ, ಕಮ್ಮಿ ಇಟ್ಕಂಡು ಬರ್ತಿದ್ಯೋ? ಅದೂ ಯಾವ್ದು ಕಮ್ಮಿ? ನಾನು ಮೊದ್ಲು ಕೇಳೋದೇ ಕಮ್ಮಿ! ಶಿವಮೊಗ್ಗದಾಗೆ ಟಗರಿನ ಕಿವಿ ಸಿಗಲ್ವಾ? ಕಚ್ಚು ಹಾಕಾಕೆ ಇವ್ನಿಗೆ ಕೈ ಇಲ್ವಾ?”

ಈರಕ್ಕ ನೆಲ ನೋಡಿದಳು.

ಗುಂಪಿನಿಂದ ಯಾರೂ ಮುಂದೆ ಬರಲಿಲ್ಲ. ಓಬಯ್ಯ ಪಾಪಣ್ಣನ ಕಡೆ ತಿರುಗಿದ. “ಕಳ್ಳ ಆಗಿದ್ರೆ ನೀನು ನನ್ನ ಟಗರಿನ ಕಿವಿ ಎರಡೂ ತಂದಿಡ್ತಿದ್ದೆ. ನೀನು ಕಳ್ಳ ಅಲ್ಲ, ದಡ್ಡ. ಮಳೆ ಹಿಡಿಯೋ ಕಾಡಿಗೆ ಕುರಿ ಹೊಡ್ಕಂಡು ಹೋಗೋ ದಡ್ಡ ನನ್ನ ತಮ್ಮನ ಹೊಟ್ಟೇಲಿ ಹೆಂಗೆ ಹುಟ್ಟಿದ್ನೋ ನಂಗೆ ಗೊತ್ತಿಲ್ಲ.” ಗುಂಪಿನಲ್ಲಿ ಈಗ ನಕ್ಕವರು ಹಲವರು, ಆ ನಗು ಬೇರೆ ಥರದ್ದು. ಓಬಯ್ಯ ತನ್ನ ಕಿವಿಗಳನ್ನು ಬೊಗಸೆಯಲ್ಲಿ ತೆಗೆದುಕೊಂಡ. “ಇವು ಇವತ್ತೇ ಮಣ್ಣಿಗೆ ಹೋಗ್ಲಿ. ಪುಟ್ಟಕ್ಕನ್ನ ಹಸೆಗೆ ನೀನೇ ಕರ್ಕಂಡು ಬಾ. ಮದುವೆ ಆದ್ಮೇಲೆ ಮರಿ ಕಾಯಾಕೆ ನನ್ನ ರೊಪ್ಪಕ್ಕೆ ಬಾ. ಈ ಸಲ ಹೊಳಲ್ಕೆರೆ ದಾಟ್ಬ್ಯಾಡ.”

ಮುರುಗಪ್ಪ ಆ ಕಂಬಳಿಯ ಚಿತ್ರ ತೆಗೆಯಲಿಲ್ಲ. ಪತ್ರಿಕೆಯವರು ಕೇಳಿದ್ದ ‘ಮಾಲೆ’ ರೊಪ್ಪದ ಪಕ್ಕದ ಗುಂಡಿಯಲ್ಲಿ ಮುಚ್ಚಿಹೋಯಿತು. ಅವನು ಬೆಂಗಳೂರಿಗೆ ಅರ್ಧ ಪುಟದ ವಿವರ ಬರೆದು, ಮುಖಪುಟದ ಅಡಿಬರಹದಲ್ಲಿದ್ದ ಎರಡು ತಪ್ಪುಗಳನ್ನು ಹೆಸರಿಸಿ, ತಿದ್ದುಪಡಿ ಹಾಕದಿದ್ದರೆ ಮುಂದಿನ ಚಿತ್ರಗಳನ್ನು ಬೇರೆಯವರಿಗೆ ಕೊಡುವುದಾಗಿ ತಿಳಿಸಿದ. ಯುಗಾದಿ ವಿಶೇಷಾಂಕದ ಒಳಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ತಿದ್ದುಪಡಿ ಬಂತು. ಮಳೆಕಾಡಿನವರು ಅಂಥ ಮಾಲೆ ಧರಿಸುವುದಿಲ್ಲ, ಚಿತ್ರದಲ್ಲಿರುವವರು ಹೊಸದುರ್ಗ ತಾಲ್ಲೂಕಿನ ಕುರಿಗಾಹಿ ಎಂದಿತ್ತು. ಅದರ ಒಂದು ಪ್ರತಿ ಚಹದಂಗಡಿಯ ಯಜಮಾನನಿಗೆ ಹೋಯಿತು, ಭಾವನಿಗೆ ತೋರಿಸಲಿಕ್ಕೆ.

ಮದುವೆಯ ದಿನ ಬೆಳಿಗ್ಗೆ ಪಾಪಣ್ಣ ಹೊಸ ಕಂಬಳಿ ಹೆಗಲ ಮೇಲೆ ಹಾಕಿಕೊಂಡು, ಪುಟ್ಟಕ್ಕನ ಕೈಹಿಡಿದು ಗುಡಿಸಲಿನಿಂದ ಚಪ್ಪರಕ್ಕೆ ಬಂದ. ಬಿಸಿಲು ಚೆನ್ನಾಗಿತ್ತು. ಅದು ನಿಲ್ಲುವ ಬೆಳಕು, ಯಾವ ಅವಸರವೂ ಇರಲಿಲ್ಲ. ಮುರುಗಪ್ಪ ಅವರನ್ನು ಹಸೆಗಿಂತ ಸ್ವಲ್ಪ ಮುಂಚೆ ತಡೆದು ನಿಲ್ಲಿಸಿ, ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಹಿಡಿದ.

“ಹೆಸರೇನು? ಯಾವ ಊರು, ಯಾರ ಮಗ?”

“ಪಾಪಣ್ಣ,” ಎಂದ ಅವನು. “ಕಗ್ಗಲಹಟ್ಟಿ. ಕಾಟಪ್ಪನ ಮಗ.”

ಹಿಂದೆ ಊಟದ ಎಲೆ ಒರೆಸುತ್ತ ಕೂತಿದ್ದ ಓಬಯ್ಯ ಕೂಗಿದ. “ಜೋರಾಗಿ ಹೇಳಲೇ, ಬೆಂಗ್ಳೂರಿನೋರಿಗೆ ಸ್ವಲ್ಪ ಕಿವಿ ಮಂದ.”

ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಪುಟ್ಟಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು, ಈರಕ್ಕ ಬಂದು ಅದನ್ನು ಸರಿಸಿದಳು. ಪಾಪಣ್ಣ ಕತ್ತೆತ್ತಿ ಮೊದಲಿಗಿಂತ ಜೋರಾಗಿ ಮೂರನ್ನೂ ಮತ್ತೊಮ್ಮೆ ಹೇಳಿದ. ಹೇಳಿ ಮುಗಿಸಿದ ಮೇಲೆ ಮುರುಗಪ್ಪ ಕ್ಲಿಕ್ ಮಾಡಿದ.